ಪಟ್ಟಿಯ ಮೇಲಂಚು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಕಥೆ ಮಾಡಿ ಹೇಳುವಷ್ಟು ದೊಡ್ಡ ಸಂಗತಿಯೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಒಂದು ಪ್ರಿಂಟರ್ ಕೆಟ್ಟಿತು, ನಾಲ್ಕು ಜನ ಸೇರಿ ಅದನ್ನು ಓಡಿಸಿದರು, ಅಷ್ಟೇ. ಇಂಥ ಯಂತ್ರಗಳನ್ನು ಬಲ್ಲವರು ಓದಿದರೆ ನಕ್ಕಾರು, ಅರಿಯದವರು ಓದಿದರೆ ಆಕಳಿಸಿಯಾರು. ಆದರೂ ಹೇಳದೆ ಇರಲಾಗುತ್ತಿಲ್ಲ. ಆ ನಾಲ್ವರಲ್ಲಿ ಮೂವರಿಗೆ ಸಲ್ಲಬೇಕಾದ ಉಪಕಾರದ ಮಾತು ನಾಲ್ಕನೆಯವಳ ಗಂಟಲಲ್ಲೇ ಇನ್ನೂ ಅರ್ಧ ಉಳಿದಿದೆ.

ಆ ನಾಲ್ಕನೆಯವಳನ್ನು ಕಟ್ಟಡದವರೆಲ್ಲ ಪ್ಲಾಟರಮ್ಮ ಎಂದು ಕರೆಯುತ್ತಿದ್ದರು. ನಕ್ಷೆ ಮುದ್ರಿಸುವ ಅಂಗಡಿಯೊಂದರ ಮೊದಲ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೂಲೆಯಲ್ಲಿ, ಒಂದು ಮಾರು ಅಗಲದ ಪ್ರಿಂಟರೊಂದು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಎಲ್ಲರೂ ಅದನ್ನು ಪ್ಲಾಟರ್ ಎನ್ನುತ್ತಿದ್ದರು. ಅದರ ಮುಂದೆ ನಿಲ್ಲುವವಳು ಪ್ಲಾಟರಮ್ಮ. ಮನೆಗಳ ನಕ್ಷೆ, ಬಸ್ ನಿಲ್ದಾಣದ ವೇಳಾಪಟ್ಟಿ, ಬಡಗಿಗಳು ಮರದ ಮೇಲೆ ನೇರವಾಗಿ ಹರಡಿ ಕೊಯ್ಯಲು ಒಯ್ಯುವ ಪೂರ್ಣ ಅಳತೆಯ ಹಾಳೆಗಳು, ಎಲ್ಲವೂ ಆ ಯಂತ್ರದ ಬಾಯಿಂದ ಬೆರಳು ಬೆರಳಷ್ಟೇ ಹೊರಬರುತ್ತಿದ್ದವು. ಅವಳು ಕೈಕಟ್ಟಿ ನಿಂತು, ಈಯುವ ಹಸುವನ್ನು ನೋಡುವವರಂತೆ ಕಣ್ಣು ಕೀಳದೆ ನೋಡುತ್ತಿದ್ದಳು.

ಮೂವತ್ತೆಂಟನೆಯ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿತವಳು ಅವಳು. ಮೂರು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೆ ಈ ಕುರ್ಚಿ ಸಿಕ್ಕಿತ್ತು. ಸಿಕ್ಕ ಮೇಲೂ ಅದು ತನ್ನದೆಂದು ನಂಬಿಕೆ ಬಂದಿರಲಿಲ್ಲ. ಯಾರೋ ಮರೆತು ಕೊಟ್ಟದ್ದು, ನೆನಪಾದ ಕೂಡಲೇ ವಾಪಸ್ ಕೇಳುತ್ತಾರೆ ಎಂಬ ಅಳುಕು. ಹಾಗಾಗಿ ಬೆಳಿಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬರುತ್ತಿದ್ದಳು. ಹೊರಡುವಾಗ ಸ್ವಿಚ್ಚುಗಳನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದಳು.

ಅವತ್ತು ಶುಕ್ರವಾರ, ಹನ್ನೊಂದು ಗಂಟೆ. ಮೆಟ್ಟಿಲು ಮಾಡುವ ಬಡಗಿಯೊಬ್ಬರ ನಾಲ್ಕು ಮೀಟರ್ ಉದ್ದದ ಹಾಳೆ ಅರ್ಧ ಹೊರಬಂದಿತ್ತು. ಸುತ್ತಿ ಇಳಿಯುವ ಮೆಟ್ಟಿಲಿನ ಹಿಡಿಗೆ ಬೇಕಾದ ಬಾಗಿದ ಗೆರೆ ಅದು. ಇದ್ದಕ್ಕಿದ್ದಂತೆ ಕಟ್ ಎಂಬ ಸದ್ದಾಯಿತು. ಶಾಯಿಯ ಹೆಡ್ಡನ್ನು ಹೊತ್ತು ಎಡಕ್ಕೂ ಬಲಕ್ಕೂ ಓಡುವ ಪುಟ್ಟ ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಉದ್ದನೆಯ ಸಂಖ್ಯೆ. ಕೆಳಗೆ: ಹಾರ್ಡ್‌ವೇರ್ ದೋಷ, ಆಫ್ ಮಾಡಿ ಮತ್ತೆ ಆನ್ ಮಾಡಿ.

ಆಫ್ ಮಾಡಿದಳು, ಆನ್ ಮಾಡಿದಳು. ಗಾಡಿ ಹೊರಟಿತು, ಕಟ್ ಎಂದಿತು, ನಿಂತಿತು.

ಯಜಮಾನಿ ತಮ್ಮ ಮೇಜಿನಿಂದಲೇ ಕತ್ತೆತ್ತಿದರು. ಅಣ್ಣನ ಕಾಲಾನಂತರ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸು, ಮಾತಿನಲ್ಲಿ ಕತ್ತರಿ.

"ಮತ್ತೆ ಕೈಕೊಡ್ತಾ?"

"ನೋಡ್ತಿದ್ದೀನಿ ಮೇಡಂ."

"ಈ ವರ್ಷ ಇದು ಮೂರನೇ ಸಲ. ಹೋದ ಸಲವೇ ಹೇಳಿದ್ದೆ. ಇನ್ನೊಂದು ಸಲ ಮುಷ್ಕರ ಹೂಡಿದ್ರೆ ಗುಜರಿಗೆ ಅಂತ." ಅವರು ಫೋನ್ ತೆಗೆದು ಅಲ್ಲೇ ಮಾತಾಡಿ ಮುಗಿಸಿದರು. "ಸೋಮವಾರ ಹತ್ತು ಗಂಟೆಗೆ ಬರ್ತಾನಂತೆ. ಆ ಮೂಲೇಲಿ ಇನ್ನೆರಡು ಫೋಟೊಕಾಪಿ ಮಷೀನ್ ಇಡ್ತೀನಿ."

"ಹಾಗಾದ್ರೆ ನಾನು ಮೇಡಂ?"

"ನೋಡೋಣ," ಎಂದರು ಯಜಮಾನಿ. ಅವರ ನೋಡೋಣಕ್ಕೆ ಏನರ್ಥ ಎಂಬುದು ಆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಫೋಟೊಕಾಪಿ ಯಂತ್ರಕ್ಕೆ ಗುಂಡಿ ಒತ್ತಲು ಕೆಳಗಿನ ಕೌಂಟರಿನವರೇ ಸಾಕು. ಈ ಯಂತ್ರ ಹೋದರೆ ಕುರ್ಚಿಯೂ ಹೋಯಿತು. ಪ್ಲಾಟರಮ್ಮನ ಹತ್ತಿರ ಇದ್ದದ್ದು ಶುಕ್ರವಾರದ ಉಳಿದ ಹೊತ್ತು ಮತ್ತು ಶನಿವಾರ.

ಕೈಪಿಡಿ ತೆರೆದು ಒಂದೊಂದೇ ಸಾಲಿಗೆ ಬೆರಳಿಟ್ಟುಕೊಂಡು ಹೋದಳು. ಕರೆಂಟಿನ ತಂತಿ ಕಿತ್ತು ಹತ್ತು ನಿಮಿಷ ಕಾದು ಚುಚ್ಚಿದಳು. ಟಾರ್ಚ್ ಹಿಡಿದು ಕಾಗದದ ಚೂರು ಸಿಕ್ಕಿಕೊಂಡಿದೆಯೇ ನೋಡಿದಳು. ಶಾಯಿಯ ಕೊಳವೆಗಳು ಗಾಡಿಗೆ ಅಡ್ಡ ಬರುತ್ತಿವೆಯೇ, ಬೆಲ್ಟು ಸಡಿಲವಾಗಿದೆಯೇ, ಕಂಬಿಗೆ ಎಣ್ಣೆಯಿದೆಯೇ ಎಲ್ಲ ನೋಡಿದಳು. ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಯ ಸಾಲಿನಲ್ಲಿ 'ಅಳತೆ ಪಟ್ಟಿಯನ್ನು ಸ್ವಚ್ಛಗೊಳಿಸಿ' ಎಂದಿತ್ತು. ಗಾಡಿ ಓಡುವ ದಾರಿಯುದ್ದಕ್ಕೂ ಬಿಗಿದು ಕಟ್ಟಿದ, ಬೆರಳಗಲದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಅದು. ಅವಳು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಹಿಡಿದು, ಹಲ್ಲು ಕಚ್ಚಿ, ಮೂರು ಸಲ ಒರೆಸಿದಳು. ಆನ್ ಮಾಡಿದಳು. ಕಟ್.

ಊಟದ ಡಬ್ಬಿ ಬಿಚ್ಚುವ ಮನಸ್ಸಾಗಲಿಲ್ಲ. ಯಂತ್ರದ ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿದಳು.

ಆ ನಂಬರಿನವರನ್ನು ಅವಳು ಕಂಡವಳಲ್ಲ. ವರ್ಷಗಳ ಹಿಂದೆ ಈ ಯಂತ್ರವನ್ನು ಬಂದು ಜೋಡಿಸಿಕೊಟ್ಟ ಮೆಕ್ಯಾನಿಕ್, ಈಗ ನಿವೃತ್ತರು, ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಹಿಂದೆ ಎರಡು ಸಲ ಫೋನಿನಲ್ಲೇ ದಾರಿ ತೋರಿಸಿದ್ದರು. ಕೇಳುವುದೆಲ್ಲ ಪರೀಕ್ಷೆಯ ಪ್ರಶ್ನೆಯಂತಿದ್ದುದರಿಂದ ಅಂಗಡಿಯಲ್ಲಿ ಅವರಿಗೆ ಫೋನ್ ಮೇಷ್ಟ್ರು ಎಂದೇ ಹೆಸರು.

"ಇಲ್ಲಿವರೆಗೆ ಏನೇನು ಮಾಡಿದ್ರಿ ಅಮ್ಮಾ? ಮಾಡಿದ್ದನ್ನ ಮಾತ್ರ ಹೇಳಿ. ಮಾಡಬೇಕು ಅಂದ್ಕೊಂಡದ್ದು ಬೇಡ."

ಹೇಳಿದಳು.

"ಸರಿ. ಗಾಡಿ ಎಲ್ಲಿ ನಿಲ್ಲುತ್ತೆ?"

"ಮಧ್ಯದಲ್ಲಿ ಸಾರ್."

"ಮಧ್ಯ ಅನ್ನೋದು ಅಳತೆ ಅಲ್ಲ. ಟೇಪ್ ಹಿಡೀರಿ. ಮಷೀನಿನ ಬಲಗಡೆ ಗೋಡೆಯಿಂದ ಎಷ್ಟು?"

ಅಳೆದಳು. "ಮೂವತ್ತೊಂದು ಸೆಂಟಿಮೀಟರ್."

"ಆಫ್ ಮಾಡಿ, ಆನ್ ಮಾಡಿ, ಮತ್ತೆ ಅಳೀರಿ."

"ಮೂವತ್ತೊಂದು."

"ಇನ್ನೊಂದ್ಸಲ."

"ಮೂವತ್ತೊಂದು... ಕಾಲು ಜಾಸ್ತಿ ಇರಬಹುದು ಸಾರ್."

"ಆ ಕಾಲು ನಿಮ್ಮ ಕೈನಡುಕ, ಬಿಡಿ. ನೋಡಿ, ಮೋಟಾರ್ ಸುಸ್ತಾಗಿದ್ರೆ ಎಲ್ಲಿ ಬೇಕಾದ್ರೂ ಕೂತುಬಿಡುತ್ತೆ. ಪ್ರತಿ ಸಲ ಒಂದೇ ಜಾಗದಲ್ಲಿ ಎಡವ್ತಿದೆ ಅಂದ್ರೆ ಗಾಡಿ ತಪ್ಪಲ್ಲ, ದಾರಿ ತಪ್ಪು. ಪಟ್ಟಿ ಹಿಂದೆ ಬಿಳಿ ಹಾಳೆ ಹಿಡಿದು, ಮೂವತ್ತೊಂದರ ಹತ್ತಿರ ಟಾರ್ಚ್ ಬಿಡಿ. ಏನು ಕಾಣುತ್ತೆ?"

ಪಟ್ಟಿಯ ಮೇಲೆ ಕೂದಲಿಗಿಂತ ಸಣ್ಣ ಕಪ್ಪು ಗೆರೆಗಳು ಒತ್ತೊತ್ತಾಗಿ ಇರುತ್ತವೆ. ಗಾಡಿಯಲ್ಲಿರುವ ಒಂದು ಕಣ್ಣು ಅವನ್ನು ಎಣಿಸುತ್ತಾ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ನಮ್ಮ ಕಣ್ಣಿಗೆ ಗೆರೆಗಳು ಬಿಡಿಯಾಗಿ ಕಾಣುವುದಿಲ್ಲ, ಎಲ್ಲ ಸೇರಿ ತೆಳುವಾದ ಬೂದು ಬಣ್ಣ. ಅವಳು ಟಾರ್ಚನ್ನು ಬಲದಿಂದ ಎಡಕ್ಕೆ ಸರಿಸುತ್ತಾ ಹೋದಳು. ಬೂದು, ಬೂದು, ಬೂದು. ಮೂವತ್ತೊಂದರ ಹತ್ತಿರ, ಪಟ್ಟಿಯ ಕೆಳ ಅಂಚಿನಲ್ಲಿ, ನಾಲ್ಕು ಬೆರಳಗಲದಷ್ಟು ಉದ್ದದ ಜಾಗ ನೀರಿನಂತೆ ಬರಿದಾಗಿತ್ತು.

"ಬಣ್ಣ ಹೋಗಿದೆ ಸಾರ್. ಕೆಳಗಡೆ."

"ಹೋಗಿದೆಯಾ? ಗೆರೇನೇ ಹೋಗಿದೆಯಾ? ಅದು ಹೇಗೆ ಹೋಗುತ್ತೆ?"

ಅವಳು ಟಾರ್ಚ್ ಆರಿಸಿದಳು. ಪ್ರತಿದಿನ ಬೆಳಿಗ್ಗೆ ಬಂದವಳು ನಿಲ್ಲುತ್ತಿದ್ದುದು ಸರಿಯಾಗಿ ಆ ಜಾಗದ ಮುಂದೆ. ಸ್ಪಿರಿಟ್ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಪಟ್ಟಿಯನ್ನು ಕೆಳಗಿನಿಂದ ಚಿವುಟಿ, ಒತ್ತಿ, ಅಲ್ಲಿಂದ ಶುರುಮಾಡುತ್ತಿದ್ದಳು. ತಿಂಗಳಿಗೊಮ್ಮೆ, ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ, ಹಗುರವಾಗಿ ಎಂದು ಕೈಪಿಡಿಯಲ್ಲಿತ್ತು. ತಿಂಗಳಿಗೊಮ್ಮೆ ಒಳ್ಳೆಯದಾದರೆ ದಿನಾ ಇನ್ನೂ ಒಳ್ಳೆಯದು ಎಂದುಕೊಂಡಿದ್ದಳು. ನೀರಿಗಿಂತ ಸ್ಪಿರಿಟ್ ಇನ್ನೂ ಚೊಕ್ಕಟ ಎಂದುಕೊಂಡಿದ್ದಳು. ಏಳು ತಿಂಗಳು ಹಾಗೆಯೇ ನಡೆದಿತ್ತು.

"ಅಮ್ಮಾ? ಲೈನಲ್ಲಿದ್ದೀರಾ? ಹೇಗೆ ಹೋಯ್ತು ಅಂದೆ."

"ಗೊತ್ತಿಲ್ಲ ಸಾರ್," ಎಂದಳು ಪ್ಲಾಟರಮ್ಮ.

ಮೇಷ್ಟ್ರು ಕೆದಕಲಿಲ್ಲ. "ಈ ಮಾಡೆಲ್ಲಿನ ಬಿಡಿಭಾಗ ನಿಂತು ಮೂರು ವರ್ಷ ಆಯ್ತು. ಎಲ್ಲಾದ್ರೂ ಹಳೇ ಮಷೀನಿಂದ ಕಿತ್ತು ತರಿಸಬೇಕು. ಐದು ವಾರ ಅನ್ನಿ."

"ಸೋಮವಾರ ಗುಜರಿಯವರು ಬರ್ತಾರೆ ಸಾರ್."

"ಯೋಚನೆ ಮಾಡ್ತೀನಿ. ನೀವೂ ಮಾಡಿ," ಎಂದು ಫೋನಿಟ್ಟರು.

ಸಂಜೆ ಅವಳು ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು. ಅತ್ತೆ ಆ ಬೀದಿಯವರ ಬಟ್ಟೆಗಳನ್ನು ಚಿಕ್ಕದು ದೊಡ್ಡದು ಮಾಡಿಕೊಡುತ್ತಿದ್ದರು. ಎಪ್ಪತ್ತು ದಾಟಿದ್ದರೂ ಕಾಲು ಪೆಡಲಿನ ಮೇಲೆ ಗಡಿಯಾರದ ಹಾಗೆ ಆಡುತ್ತಿತ್ತು. ಸೊಸೆ ಸಂಜೆ ತರಗತಿಗೆ ಸೇರಬೇಕೆಂದಾಗ ಮನೆಯಲ್ಲಿ ಮೊದಲು ಹೂಂ ಎಂದವರು ಅವರೇ. "ಹೋಗು. ಒಲೆ ನಾನು ನೋಡ್ಕೋತೀನಿ. ಫೇಲಾದ್ರೆ ಮಾತ್ರ ಬೀದಿ ಕೊನೆಯಿಂದಲೇ ವಾಪಸ್ ಹೋಗು," ಎಂದಿದ್ದರು. ಎರಡು ವರ್ಷ, ವಾರಕ್ಕೆ ಐದು ಸಂಜೆ, ಅಡುಗೆ ಅವರದೇ ಆಗಿತ್ತು. ಅದರ ಬಗ್ಗೆ ಅವರು ಮತ್ತೆ ಮಾತೆತ್ತಿದ್ದಿಲ್ಲ.

"ಏನೇ, ಮುಖ ಯಾಕೆ ಹಿಂಡಿದ ಬಟ್ಟೆ ಹಾಗಾಗಿದೆ?"

"ಏನಿಲ್ಲ ಅತ್ತೆ."

"ಏನಿಲ್ಲದ ಮುಖ ನಾನು ನೋಡಿಲ್ವಾ? ಡಬ್ಬಿ ಭಾರವಾಗಿದೆ, ತಿಂದಿಲ್ಲ. ಬೊಗಳು."

ಅವಳು ನೆಲದ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಗಾಡಿ, ಪಟ್ಟಿ, ಸ್ಪಿರಿಟ್, ಕೊನೆಗೆ ಮೇಷ್ಟ್ರಿಗೆ ಹೇಳಿದ ಸುಳ್ಳು.

ಅತ್ತೆ ಪೆಡಲ್ ನಿಲ್ಲಿಸಿದರು. "ಹೊಸ ಬಾಣಲೇನ ಏನು ಮಾಡಿದೆ ನೆನಪಿದೆಯಾ? ಅಂಟದೇ ಇರೋಕೆ ಅಂತ ಕಂಪನಿಯವರು ಕಪ್ಪು ಬಳಿದು ಕೊಟ್ಟಿದ್ರು. ಎರಡು ವಾರ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಆಗ ನಾನೇನು ಅಂದೆ?"

"ನಿನ್ನ ಕೈಗೆ ಚಂದ್ರ ಸಿಕ್ಕಿದ್ರೂ ಕಲೆ ಹೋಗೋವರೆಗೆ ಬಿಡಲ್ಲ ಅಂದ್ರಿ."

"ಹಾಂ." ಅವರು ನಗಲಿಲ್ಲ. ಮಡಿಲಲ್ಲಿದ್ದ ಅಂಗಿಯನ್ನು ಎತ್ತಿ ಹಿಡಿದರು. ಬೀದಿಯ ಆಚೆ ಬದಿಯ ನಿವೃತ್ತ ಗುಮಾಸ್ತರದು. ಕಾಲರಿನ ಮಡಿಕೆ ಕುತ್ತಿಗೆಗೆ ಉಜ್ಜಿ ಉಜ್ಜಿ ಹರಿದು ದಾರ ಎದ್ದಿತ್ತು. ಅತ್ತೆ ಹೊಲಿಗೆ ಬಿಚ್ಚಿ ಕಾಲರನ್ನು ಕಿತ್ತಿದ್ದರು. "ಇದನ್ನ ಏನು ಮಾಡ್ತಿದ್ದೀನಿ ನೋಡು. ಈ ಮಗ್ಗುಲು ಸವೆದಿದೆ. ಆ ಮಗ್ಗುಲನ್ನ ಯಾರೂ ಮುಟ್ಟೇ ಇಲ್ಲ, ಹೊಸದರ ಹಾಗಿದೆ. ತಿರುಗಿಸಿ ಹೊಲಿದ್ರೆ ಇನ್ನೂ ಮೂರು ವರ್ಷ ಬರುತ್ತೆ." ಸ್ವಲ್ಪ ತಡೆದು ಕೇಳಿದರು, "ನಿನ್ನ ಪಟ್ಟಿ ಪೂರ್ತಿ ಅಗಲ ಸವೆದಿದೆಯಾ?"

"ಇಲ್ಲ, ಕೆಳ ಅಂಚು ಮಾತ್ರ. ಮೇಲಂಚು ಒಂದು ತಗಡಿನ ಹಿಂದೆ ಇದೆ. ಅಲ್ಲಿಗೆ ನನ್ನ ಬೆರಳು ಹೋಗಲ್ಲ."

"ಆ ಗಾಡಿ ಕಣ್ಣು ಪೂರ್ತಿ ಅಗಲ ನೋಡುತ್ತಾ?"

ಗಾಡಿಯ ಕಣ್ಣು ಪಟ್ಟಿಯ ಕೆಳ ಅಂಚನ್ನಷ್ಟೇ ಕಚ್ಚಿಕೊಂಡು ಓಡುತ್ತದೆ. ಮೇಲಿನ ಅರ್ಧ ಸುಮ್ಮನೆ ಇರುತ್ತದೆ.

"ಅತ್ತೆ!"

"ಏನು ಅತ್ತೆ? ನನಗೇನು ಗೊತ್ತು ನಿನ್ನ ಮಷೀನ್ ವಿಷಯ. ಹೋಗಿ ತಿನ್ನು ಮೊದಲು."

ಮೇಲಂಚು ಕೆಳಗೆ ಬರುವಂತೆ ಪಟ್ಟಿಯನ್ನು ತಿರುಗಿಸುವುದಕ್ಕೆ ಪಕ್ಕದ ಮುಚ್ಚಳ ಬಿಚ್ಚಬೇಕು. ಯಜಮಾನಿಯ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ಬಿಚ್ಚುವಂತಿಲ್ಲ. ಯಾಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಇನ್ನೊಂದು ಗೊತ್ತಿಲ್ಲ ಹೇಳಿ ಪಾರಾಗಬಹುದಿತ್ತು. ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದಳು. ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತುಹೋಯಿತು.

ಯಂತ್ರದ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ದಿನಚರಿ ಪುಸ್ತಕವನ್ನು ತೆಗೆದು, ಯಜಮಾನಿಯ ಮೇಜಿನ ಮೇಲೆ ಬಿಚ್ಚಿ ಇಟ್ಟಳು. ಪ್ರತಿದಿನದ ಸಾಲಿನಲ್ಲೂ ಅವಳದೇ ದುಂಡು ಅಕ್ಷರ: ಪಟ್ಟಿ ಒರೆಸಿದೆ, ಸ್ಪಿರಿಟ್. ಏಳು ತಿಂಗಳು, ಒಂದು ದಿನವೂ ಬಿಟ್ಟಿರಲಿಲ್ಲ.

"ಮೇಡಂ, ಮಷೀನನ್ನ ಕೆಡಿಸಿದ್ದು ನಾನೇ."

ಯಜಮಾನಿ ಕನ್ನಡಕ ಹಾಕಿಕೊಂಡರು. ಪುಟ ತಿರುಗಿಸಿದರು. ಮತ್ತೊಂದು, ಮತ್ತೊಂದು. ಅವಳು ಪಕ್ಕದಲ್ಲೇ ನಿಂತಿದ್ದಳು. ಬೈಗುಳ ಎಲ್ಲಿಂದ ಶುರುವಾಗಬಹುದು ಎಂದು ಲೆಕ್ಕ ಹಾಕುತ್ತಿದ್ದಳು.

"ಇದೇನಿದು, ಪ್ರತಿ ಶನಿವಾರದ ಕೆಳಗೆ?"

"ನಿಮ್ಮ ಸಹಿ ಮೇಡಂ. ವಾರಕ್ಕೊಂದ್ಸಲ ನೋಡಿ ಸಹಿ ಹಾಕ್ತೀರಲ್ಲ."

"ನೋಡಿ ಎಲ್ಲಿ ಹಾಕಿದೆ! ಮೂವತ್ತು ಸಹಿ ಇದೆ ಇಲ್ಲಿ. ಕೈಪಿಡಿ ನಾನೂ ಓದಿದ್ದೀನಿ, ತಿಂಗಳಿಗೊಮ್ಮೆ ಅಂತ ನನಗೂ ಗೊತ್ತು. ಈ ಪುಸ್ತಕ ಒಂದು ಸಲ ಓದಿದ್ರೂ ಗೊತ್ತಾಗ್ತಿತ್ತು." ಪುಸ್ತಕ ಮುಚ್ಚಿದರು. ಅವರ ಕಿವಿ ಸ್ವಲ್ಪ ಕೆಂಪಗಾಗಿತ್ತು. "ನೀವು ಒರೆಸಿದ್ರಿ, ನಾನು ಸರಿ ಅಂತ ಬರೆದುಕೊಟ್ಟೆ. ಈಗೇನು ಮಾಡಬೇಕು ಅಂತೀರಿ?"

"ಪಕ್ಕದ ಮುಚ್ಚಳ ಬಿಚ್ಚಬೇಕು. ಪಟ್ಟಿ ತಿರುಗಿಸಿ ಹಾಕಬೇಕು. ಆಗುತ್ತೋ ಇಲ್ಲವೋ ಗೊತ್ತಿಲ್ಲ."

"ಗುಜರಿಯವನಿಗೆ ಬೇಡ ಅಂತ ನಾನು ಹೇಳಲ್ಲ. ಸೋಮವಾರ ಹತ್ತಕ್ಕೆ ಓಡ್ತಿದ್ರೆ ಓಡ್ತು." ಡ್ರಾಯರಿನಿಂದ ಬೀಗದ ಕೈ ಗೊಂಚಲು ತೆಗೆದು ಅವಳ ಕಡೆ ತಳ್ಳಿದರು. "ಎರಡು ಗಂಟೆಗೆ ಅಂಗಡಿ ಮುಚ್ಚುತ್ತೆ. ಆಮೇಲೆ ನಿಮಗೆ ಬೇಕಾದಷ್ಟು ಹೊತ್ತು ಇರಿ."

ಅಂಗಡಿಯ ಬೀಗದ ಕೈ ಅವಳ ಕೈಗೆ ಬಂದದ್ದು ಅದೇ ಮೊದಲು.

ಎರಡೂಕಾಲು ಗಂಟೆಗೆ ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಸ್ಪೀಕರ್ ಹಾಕಿದಳು.

"ಸಾರ್, ನಿನ್ನೆ ನಿಮಗೆ ಸುಳ್ಳು ಹೇಳಿದೆ. ಪಟ್ಟಿ ಹೇಗೆ ಹೋಯ್ತು ಅಂತ ನನಗೆ ಗೊತ್ತಿತ್ತು. ದಿನಾ ಸ್ಪಿರಿಟ್ ಹಾಕಿ ಒರೆಸ್ತಿದ್ದೆ."

ಲೋಟದೊಳಗಿನಿಂದ ಒಂದು ವಿಚಿತ್ರ ಸದ್ದು ಬಂತು. ಮೇಷ್ಟ್ರು ನಗುತ್ತಿದ್ದರು.

"ನಾನು ಈ ಕೆಲಸದಲ್ಲಿ ಒರೆಸದೆ ಕೆಟ್ಟ ಮಷೀನ್ ನೂರಾರು ನೋಡಿದ್ದೀನಮ್ಮಾ. ಒರೆಸಿ ಒರೆಸಿ ಕೆಟ್ಟದ್ದು ಇದೇ ಮೊದಲು. ಇರ್ಲಿ. ಯೋಚನೆ ಮಾಡಿದ್ರಾ?"

ಅವಳು ಕಾಲರಿನ ಮಾತು ಹೇಳಿದಳು.

"ಇದು ಯಾರ ತಲೆಗೆ ಹೊಳೆದದ್ದು?"

"ನಮ್ಮತ್ತೆ ಸಾರ್."

"ಅವರು ನನ್ನ ಜತೆ ಕೆಲಸಕ್ಕಿದ್ದಿದ್ರೆ ನನಗೆ ಇಷ್ಟು ತಲೆ ನೆರೀತಿರಲಿಲ್ಲ. ಆಗಬಹುದು. ಬೆಳಕು ಪಟ್ಟಿಯನ್ನ ದಾಟಿ ಹೋಗೋದು, ಯಾವ ಮಗ್ಗುಲಾದ್ರೂ ಒಂದೇ. ಕರೆಂಟ್ ಕೀಳಿ ಮೊದಲು. ಕಿತ್ತಿರಾ? ಕಿತ್ತೆ ಅಂತ ಬಾಯಿಬಿಟ್ಟು ಹೇಳಿ."

"ಕಿತ್ತೆ ಸಾರ್."

ಎಡಗಡೆ ಒಂದು ಕೊಕ್ಕೆ, ಬಲಗಡೆ ಒಂದು ಸ್ಪ್ರಿಂಗು. ಸ್ಪ್ರಿಂಗ್ ಹಾರಿ ಎಲ್ಲಾದರೂ ಬಿದ್ದರೆ ಮುಗಿಯಿತು ಎಂದು ಮೇಷ್ಟ್ರು ಮೂರು ಸಲ ಎಚ್ಚರಿಸಿದರು. ಅವಳು ಕೈಗೆ ಕರವಸ್ತ್ರ ಸುತ್ತಿಕೊಂಡು ಬಿಡಿಸಿದಳು. ಪಟ್ಟಿ ಹೊರಬಂತು. ತಗಡಿನ ಹಿಂದೆ ಅಡಗಿದ್ದ ಮೇಲಂಚನ್ನು ಬಿಳಿ ಹಾಳೆಯ ಮೇಲೆ ಹಿಡಿದಳು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಬೂದು. ಒಂದು ಗೆರೆಯೂ ಅಳಿಸಿರಲಿಲ್ಲ. ಅವಳ ಕಣ್ಣು ಮಂಜಾಯಿತು.

ತಿರುಗಿಸಿ ಕೊಕ್ಕೆಗೆ ಹಾಕಿದಳು. ಆಗ ಕಂಡಿತು: ತುದಿಗಳ ತೂತು ಪಟ್ಟಿಯ ನಟ್ಟನಡುವೆ ಇರಲಿಲ್ಲ. ಒಂದು ಕಡೆಗೆ ವಾಲಿತ್ತು. ತಿರುಗಿಸಿದ ಪಟ್ಟಿ ಎರಡು ಮಿಲಿಮೀಟರ್ ಕೆಳಗೆ ಜೋತು ಗಾಡಿಯ ಕಣ್ಣಿಗೆ ಉಜ್ಜುತ್ತಿತ್ತು.

"ಹೊಸ ತೂತು ಮಾಡಬೇಕು," ಎಂದರು ಮೇಷ್ಟ್ರು. "ಹಳೇದರ ಪಕ್ಕ, ಎರಡು ಮಿಲಿಮೀಟರ್ ತಗ್ಗಿಸಿ, ಕಡಲೆ ಕಾಳಿನಷ್ಟು ಒಳಗೆ. ಅಷ್ಟನ್ನ ಸ್ಪ್ರಿಂಗ್ ತಡ್ಕೊಳುತ್ತೆ. ಸೂಜಿ ಕಾಯಿಸಿ ಚುಚ್ಚಬೇಡಿ, ಮುದುರಿಕೊಳುತ್ತೆ. ಕತ್ತರಿ ತುದಿ ಬೇಡ, ಸೀಳುತ್ತೆ. ದುಂಡಗೆ, ಅಂಚು ಕ್ಲೀನಾಗಿ ಬರಬೇಕು. ಬೆಲ್ಟಿಗೆ ತೂತು ಹಾಕ್ತಾರಲ್ಲ, ಅಂಥದ್ದು ಸಿಗುತ್ತಾ?"

ಎಲ್ಲಿ ಸಿಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಕ್ಕಾಲು ಗಂಟೆಯಲ್ಲಿ ಅತ್ತೆ ಬಟ್ಟೆ ಚೀಲ ಹಿಡಿದು, ಪ್ರತಿ ಮೆಟ್ಟಿಲಿಗೂ ಒಂದೊಂದು ಶಾಪ ಹಾಕುತ್ತಾ ಮೇಲೆ ಬಂದರು. "ಈ ಮಂಡೀನೂ ತಿರುಗಿಸಿ ಹಾಕೋ ಹಾಗಿದ್ರೆ ಎಷ್ಟು ಚೆನ್ನಾಗಿತ್ತು." ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. "ಇದೇನಾ? ಇಷ್ಟು ದೊಡ್ಡದಿದೆ, ಒಂದು ಪಟ್ಟಿ ಸವೆದದ್ದಕ್ಕೆ ಮುನಿಸಿಕೊಂಡು ಕೂತಿದೆಯಾ?"

"ಯಾರಮ್ಮಾ ಅದು?" ಎಂದಿತು ಲೋಟ.

"ನಮ್ಮತ್ತೆ ಸಾರ್."

"ನಮಸ್ಕಾರ ಮೇಷ್ಟ್ರೇ. ನೀವು ಇವಳಿಗೆ ಇನ್ನೊಂದು ಚೂರು ಬಯ್ಯಬೇಕಿತ್ತು. ಮನೇಲೂ ಹೀಗೇ, ಪಾತ್ರೆಗಳೆಲ್ಲ ಇವಳ ಕೈ ಕಂಡ್ರೆ ನಡುಗ್ತವೆ."

"ಬಯ್ಯೋಕೆ ಮನಸ್ಸು ಬರಲಿಲ್ಲ ತಾಯಿ. ನಿಜ ಹೇಳೋರು ಫೋನ್ ಮಾಡೋದೇ ಅಪರೂಪ."

ಅತ್ತೆ ಪಟ್ಟಿಯ ತುದಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು, ಬಟ್ಟೆಯ ಗುಣ ನೋಡುವವರಂತೆ. ಕಳೆದ ತಿಂಗಳ ಯಾವುದೋ ಹಾಳೆಯ ಚೂರನ್ನು ಅಡಿಗಿಟ್ಟು, ಸೊಸೆ ಪೆನ್ಸಿಲಿನಲ್ಲಿ ಗುರುತು ಹಾಕಿದ ಜಾಗಕ್ಕೆ ತೂತು ಹಾಕುವ ಇಕ್ಕಳದ ಬಾಯಿ ಹಿಡಿದರು.

"ಕೈ ನಡುಗಿದ್ರೆ ಅತ್ತೆ?"

"ನನ್ನ ಕೈ ನಡುಗಲ್ಲ. ನಿನ್ನ ಬಾಯಿ ನಡುಗ್ತಿದೆ, ಅದನ್ನ ಮುಚ್ಚು."

ಟಕ್. ದುಂಡನೆಯ ಸಣ್ಣ ಚೂರು ನೆಲಕ್ಕೆ ಬಿತ್ತು. ಇನ್ನೊಂದು ತುದಿಗೆ ಹೋದರು. ಟಕ್.

ಪಟ್ಟಿ ಏರಿಸಿ, ಸ್ಪ್ರಿಂಗ್ ಸಿಕ್ಕಿಸಿ, ಮುಚ್ಚಳ ಮುಚ್ಚಿ, ಕರೆಂಟ್ ಕೊಟ್ಟಾಗ ನಾಲ್ಕೂವರೆ. ಅಳತೆ ಎಲ್ಲಿಂದ ಶುರು ಎಂದು ಗಾಡಿ ಪಕ್ಕದ ಗೋಡೆ ಮುಟ್ಟಿ ತಾನೇ ಹುಡುಕಿಕೊಳ್ಳುತ್ತದೆ, ನೀವು ಕೈ ಹಾಕಬೇಡಿ ಎಂದು ಮೇಷ್ಟ್ರು ಹೇಳಿದ್ದರು. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಗಾಡಿ ಬಲಗೋಡೆಯನ್ನು ಮೆಲ್ಲಗೆ ಮುಟ್ಟಿತು. ಹೊರಟಿತು. ಹತ್ತು, ಇಪ್ಪತ್ತು. ಮೂವತ್ತೊಂದರ ಹತ್ತಿರ ಬಂದಾಗ ಅವಳು ಕಣ್ಣು ಮುಚ್ಚಿಬಿಟ್ಟಳು. ಕಟ್ ಎಂಬ ಸದ್ದಿಗೆ ಕಾದಳು. ಅದು ಬರಲಿಲ್ಲ. ಕಣ್ಣು ತೆರೆದಾಗ ಗಾಡಿ ಎಡ ತುದಿ ಮುಟ್ಟಿ ಏನೂ ಆಗಿಯೇ ಇಲ್ಲವೆಂಬಂತೆ ವಾಪಸ್ ಬರುತ್ತಿತ್ತು. ಪರದೆಯ ಮೇಲೆ ಒಂದೇ ಪದ: ಸಿದ್ಧ.

"ಏನಾಯ್ತು?" ಎಂದಿತು ಲೋಟ. "ಯಾರಾದ್ರೂ ಮಾತಾಡ್ರಮ್ಮಾ, ನನಗಿಲ್ಲಿ ಕಾಣಲ್ಲ!"

"ಓಡ್ತಿದೆ ಮೇಷ್ಟ್ರೇ," ಎಂದರು ಅತ್ತೆ. "ಇವಳು ಅಳ್ತಿದ್ದಾಳೆ. ಅದು ಬಿಡಿ, ಅವಳಿಗೆ ಅಭ್ಯಾಸ."

ಅವಳು ಸಾವರಿಸಿಕೊಂಡು ಇನ್ನೂ ಐದು ಸಲ ಆಫ್ ಮಾಡಿ ಆನ್ ಮಾಡಿದಳು. ಆರನೆಯ ಸಲಕ್ಕೆ ಕೈ ಹೋದಾಗ ಮೇಷ್ಟ್ರು ಗದರಿದರು: "ಸಾಕು! ಈಗ ಸ್ವಿಚ್ ಸವೆಸ್ತೀರಾ?"

ಬಡಗಿ ಸೋಮವಾರ ಒಂಬತ್ತು ಗಂಟೆಗೆ ಬಂದು ನಿಂತಿದ್ದರು. ಶುಕ್ರವಾರ ಅರ್ಧಕ್ಕೆ ನಿಂತ ಹಾಳೆಯನ್ನು ಮೊದಲಿನಿಂದ ಮುದ್ರಿಸಿದಳು. ನಾಲ್ಕು ಮೀಟರ್ ಹೊರಬರುವಷ್ಟು ಹೊತ್ತೂ ಉಗುರು ಕಚ್ಚುತ್ತಿದ್ದಳು. ಬಡಗಿ ಹಾಳೆಯನ್ನು ನೆಲದ ಮೇಲೆ ಹರಡಿ, ಚಪ್ಪಲಿ ಬಿಟ್ಟು, ಮಂಡಿಯೂರಿ ಕೂತು, ತಮ್ಮ ಸ್ವಂತ ಟೇಪಿನಿಂದ ಉದ್ದ ಅಳೆದರು, ಅಗಲ ಅಳೆದರು, ಬಾಗಿದ ಗೆರೆಯ ಮೇಲೆ ಮೂರು ಕಡೆ ಅಳೆದರು. ಯಜಮಾನಿ ತಮ್ಮ ಮೇಜು ಬಿಟ್ಟು ಎದ್ದು ಬಂದು ನಿಂತಿದ್ದರು.

"ಏನು?" ಎಂದರು ಯಜಮಾನಿ.

"ಏನಿದೆ ಹೇಳೋಕೆ? ಸರಿಯಾಗಿದೆ," ಎಂದರು ಬಡಗಿ, ಇದರಲ್ಲಿ ಅನುಮಾನಕ್ಕೇನಿತ್ತು ಎಂಬಂತೆ. ಹಾಳೆ ಸುತ್ತಿಕೊಂಡು ಹೊರಟೇಹೋದರು.

ಹತ್ತಕ್ಕೆ ಗುಜರಿಯವನು ಹಗ್ಗ ಹಿಡಿದು, ಇಬ್ಬರು ಆಳುಗಳನ್ನು ಕಟ್ಟಿಕೊಂಡು ಬಂದ. ಯಜಮಾನಿ ಅವನನ್ನು ಬಾಗಿಲಲ್ಲೇ ತಡೆದರು.

"ಮಷೀನ್ ಕೊಡಲ್ಲ. ಓಡ್ತಿದೆ."

"ಮೂರು ಜನ ಬಂದಿದ್ದೀವಿ ಮೇಡಂ!"

"ಬಂದವರು ಬರಿಗೈಲಿ ಯಾಕೆ ಹೋಗ್ತೀರಿ? ಮೆಟ್ಟಿಲ ಕೆಳಗೆ ಕಾಲು ಮುರಿದ ಮೇಜು ಎರಡಿದೆ, ತೆಗೊಂಡು ಹೋಗಿ. ಆ ಮೂಲೆಗೆ ಕೈ ಹಾಕಬೇಡಿ. ಅಲ್ಲಿ ನಮ್ಮ ಪ್ಲಾಟರಮ್ಮ ಕೆಲಸ ಮಾಡ್ತಾರೆ."

ಅಷ್ಟು ದಿನದಲ್ಲಿ ಯಜಮಾನಿ ಅವಳನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿ, ಇಲ್ಲದ ಧೂಳನ್ನು ಮೇಜಿನಿಂದ ಒರೆಸಲು ಹೋಗಿ, ಕೈ ಹಿಂದೆಗೆದುಕೊಂಡಳು.

ಮಧ್ಯಾಹ್ನ ಮೇಷ್ಟ್ರಿಗೆ ಫೋನ್ ಮಾಡಿದಳು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಎರಡು ಸಾಲು ಓದುವಷ್ಟರಲ್ಲಿ ಅವರು, "ಮೊಮ್ಮಗು ಎದ್ದಿದೆ ಅಮ್ಮಾ, ಇಡ್ಲಾ?" ಎಂದು ತಪ್ಪಿಸಿಕೊಂಡರು. ಸಂಜೆ ಅತ್ತೆಯ ಮುಂದೆ ನಿಂತು, "ನೀವಿಲ್ಲದಿದ್ರೆ..." ಎಂದು ಶುರುಮಾಡಿದರೆ ಅವರು ಸೂಜಿಯನ್ನೂ ದಾರವನ್ನೂ ಕೈಗಿತ್ತರು. "ಬಾಯುಪಚಾರ ಸಾಕು. ಇದನ್ನ ಪೋಣಿಸು, ಕಣ್ಣು ಕಾಣ್ತಿಲ್ಲ." ಅವಳು ಪೋಣಿಸಿಕೊಟ್ಟಳು. ಆಮೇಲೆ ಇನ್ನೊಂದಕ್ಕೂ ಪೋಣಿಸಿದಳು, ಡಬ್ಬಿಯಲ್ಲಿದ್ದ ಅಷ್ಟೂ ಸೂಜಿಗೆ.

ಪಟ್ಟಿಯನ್ನು ಈಗ ತಿಂಗಳಿಗೊಮ್ಮೆ, ನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ, ಮುಟ್ಟಿಯೂ ಮುಟ್ಟದಂತೆ ಒರೆಸುತ್ತಾಳೆ. ಬೇರೆ ಪಟ್ಟಿಗಾಗಿ ಮೇಷ್ಟ್ರು ಹೇಳಿಟ್ಟಿದ್ದಾರೆ. ಅದು ಇನ್ನೂ ಬಂದಿಲ್ಲ.

ಈ ನಡುವೆ ಮೇಷ್ಟ್ರು ಒಮ್ಮೆ ತಾವಾಗಿಯೇ ಫೋನ್ ಮಾಡಿ ಒಂದು ಮಾತು ಹೇಳಿದರು. ಹಳೆಯ ಜೊತೆಗಾರನೊಬ್ಬ ಇದೇ ಮಾಡೆಲ್ಲಿನ ಇನ್ನೊಂದು ಯಂತ್ರವನ್ನು ನೋಡಿದನಂತೆ. ಅದರ ಪಟ್ಟಿಯೂ ಬಲಗಡೆಯೇ, ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಮಾಸಿತ್ತಂತೆ. ಅದನ್ನು ಯಾರೂ ಒರೆಸುತ್ತಿರಲಿಲ್ಲವಂತೆ. ಒಳಗಿನ ಬಿಸಿಗಾಳಿಗೆ ಹಾಗಾಗಿರಬಹುದು, ಪಟ್ಟಿಯ ತಯಾರಿಯಲ್ಲೇ ಏನೋ ಊನವಿದ್ದಿರಬಹುದು. ಇಲ್ಲ, ಅದು ಬೇರೆ, ಇದು ಬೇರೆ, ಇಲ್ಲಿ ಕೆಡಿಸಿದ್ದು ಅವಳ ಹೆಬ್ಬೆರಳೇ ಇರಬಹುದು. ಯಾವುದೆಂದು ಅವಳು ಕೇಳಿದಳು. ಮೇಷ್ಟ್ರು ತಮಗೆ ಗೊತ್ತಿಲ್ಲ ಎಂದರು. ಅವಳಿಗೂ ಗೊತ್ತಿಲ್ಲ.